ಮದುಮಗಳ ಜಂಪರೂ ನನ್ನ ಲಿನಕ್ಸೂ

ನನಗೆ ಬೇಡ ಎನ್ನಲು ಬರುವುದಿಲ್ಲ. ಯೋಚಿಸುವಷ್ಟರಲ್ಲಿ ಬಾಯಿ ಹೂಂ ಎಂದುಬಿಟ್ಟಿರುತ್ತದೆ. ಒಮ್ಮೆ ಬಸ್ಸಿನಲ್ಲಿ ಯಾರೋ ಸ್ವಲ್ಪ ಹಿಡಿದುಕೊಳ್ಳಿ ಎಂದರೆಂದು ಅವರ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಇಟಿಕ್ಯಾಲದವರೆಗೂ ಹೋದೆ. ಅವರು ಎರಡು ಸ್ಟಾಪು ಹಿಂದೆಯೇ ಇಳಿದುಹೋಗಿದ್ದರು. ಮನುಷ್ಯರ ನಡುವೆ ಈ ಸ್ವಭಾವ ಹೇಗೋ ನಡೆದುಹೋಗುತ್ತದೆ. ಕಂಪ್ಯೂಟರಿನ ಮುಂದೆ ನಡೆಯುವುದಿಲ್ಲ ಎಂದು ಹೋದ ತಿಂಗಳು ಗೊತ್ತಾಯಿತು.

ನಾನು ಗದ್ವಾಲದಲ್ಲಿ ಗಣಿತದ ಮಾಸ್ತರ. ನನ್ನ ಹೆಂಡತಿ ಸುವರ್ಣ ಮದುವೆ ಸೀರೆಗಳಿಗೆ ಜಂಪರು ಹೊಲಿಯುತ್ತಾಳೆ. ಗಿರಾಕಿಗಳ ಅಳತೆಯೆಲ್ಲ ಅವಳ ಉದ್ದನೆಯ ನೋಟುಬುಕ್ಕಿನಲ್ಲಿತ್ತು. ನನಗೋ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಹುಚ್ಚು. ಎಂದೂ ಕೈಕೊಡದ ವ್ಯವಸ್ಥೆ ಎಂದು ಭಾಷಣ ಬಿಗಿದು, ಅಳತೆಗಳನ್ನೆಲ್ಲ, ಪರೀಕ್ಷೆಗೆಂದು ನನ್ನದನ್ನೂ ಸೇರಿಸಿ, ಮನೆಯ ಹಳೆಯ ಕಂಪ್ಯೂಟರಿಗೆ ತುಂಬಿದೆ. ಅವಳು ಕತ್ತರಿ ಹಿಡಿದುಕೊಂಡೇ ಫೋನಿನಲ್ಲಿ ನೋಡಬಹುದು. ನೋಟುಬುಕ್ಕನ್ನು ಮಿರ್ಚಿ ಬಜ್ಜಿಯವನು ಕೇಳಿದ. ಕೊಟ್ಟೆ.

ಆ ಭಾನುವಾರ ಬೆಳಿಗ್ಗೆ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಲು ಕೂತೆ. ನಡುವೆ ಅದು, ನಿಮ್ಮ ಹಳೆಯ ಸೆಟ್ಟಿಂಗ್ ತೆಗೆದು ನಮ್ಮ ಹೊಸದನ್ನು ಇಡೋಣವೇ ಎಂದು ಕೇಳಿತು. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಏಳು ಸಲ ಕೇಳಿತು, ಏಳು ಸಲವೂ ಹೂಂ ಎಂದೆ. ಮತ್ತೆ ಚಾಲೂ ಮಾಡಿದರೆ ತೆರೆಯ ತುಂಬ ಕೆಂಪು ಸಾಲು. ಅಳತೆ ಕಾಯುವ ಪ್ರೋಗ್ರಾಮು, ಲಿನಕ್ಸಿನ ಭಾಷೆಯಲ್ಲಿ ಸರ್ವಿಸ್, ಎದ್ದಿಲ್ಲ. ಅದು ಎದ್ದಿಲ್ಲವೆಂದು ಅದನ್ನು ನಂಬಿದ ಇನ್ನೂ ಮೂರು ಎದ್ದಿಲ್ಲ. ನಮ್ಮ ಮನೆಯವರು ಮೈಲಾರಕ್ಕೆ ಹೊರಟ ದಿನ ಅತ್ತಿಗೆ ಏಳಲಿಲ್ಲವೆಂದು ಜೀಪಿಗೆ ಯಾರೂ ಹತ್ತದೆ ಕೂತದ್ದು ನೆನಪಾಯಿತು.

ಅದೇ ಹೊತ್ತಿಗೆ ಗಟ್ಟು ಎಂಬ ಊರಿನಿಂದ ಕುರುಬರ ಮಲ್ಲಣ್ಣ ಬಂದ. ನಾಡಿದ್ದು ಅಲ್ಲೇ ಅವನ ಅಕ್ಕನ ಮಗಳ ಮದುವೆ. ಸೋದರಮಾವ ಕೊಡುವ ಸೀರೆಗೆ ಜಂಪರು ಹೊಲಿಸಿಕೊಂಡೇ ಹೋಗಬೇಕು. "ಅಳತಿ ಜಂಪರ್ ತಂದಿಲ್ಲವ್ವಾ, ಹೋದ ಸಲದ ಅಳತಿ ನಿಮ್ಮ ಕಂಪ್ಯೂಟರ್ ಡಬ್ಬಿಯಾಗ ಐತಂತಲ್ಲ" ಎಂದ. ಹುಡುಗಿಗೆ ಅರಿಷಿಣ ಹಚ್ಚಿಯಾಗಿತ್ತು, ಊರ ಗಡಿ ದಾಟುವಂತಿಲ್ಲ. ಸುವರ್ಣ ಫೋನು ಮಾಡಿದರೆ ಹುಡುಗಿಯ ಅಜ್ಜಿ ಎತ್ತಿಕೊಂಡಳು.

"ತೋಳು ಒಂದ ಗೇಣ, ಮ್ಯಾಲ ಎರಡ ಬೆರಳ."

"ಯಾರ ಗೇಣವ್ವಾ?"

"ನಂದ."

ಸುವರ್ಣ ಫೋನಿಟ್ಟು ನನ್ನ ಕಡೆ ತಿರುಗಿದಳು. ನಿಜವಾಗಿಯೂ ಹೆದರಿದೆ. ಸರ್ವಿಸನ್ನು ಎಬ್ಬಿಸುವ ಆದೇಶವನ್ನು ಹನ್ನೊಂದನೆಯ ಸಲ ಒತ್ತಿದೆ.

ಮಲ್ಲಣ್ಣ ಚಹಾ ಊದುತ್ತ ಕೇಳಿದ: "ಏಳು ಏಳು ಅಂತೀರಿ. ಯಾಕ ಏಳವಲ್ದು ಅಂತ ಅದನ್ನ ಕೇಳೀರೇನ್ರಿ ಮಾಸ್ತರ?"

ಕೇಳಿರಲಿಲ್ಲ. ದೋಷದ ದಾಖಲೆಯನ್ನು ತೆರೆದು ಓದಿದೆ. ಹೊಸ ಸೆಟ್ಟಿಂಗ್ ಆ ಸರ್ವಿಸನ್ನು ಅಳತೆಗಳಿದ್ದ ಜಾಗ ಬಿಡಿಸಿ ಖಾಲಿ ಕೋಣೆಯೊಂದಕ್ಕೆ ಕಳಿಸಿತ್ತು. ಇಲ್ಲಿ ಏನೂ ಇಲ್ಲ ಎಂದು ಅದು ಮುನಿಸಿಕೊಂಡು ಮಲಗಿತ್ತು. ಪುಣ್ಯಕ್ಕೆ ಹಳೆಯ ಸೆಟ್ಟಿಂಗನ್ನು ಲಿನಕ್ಸೇ ಪಕ್ಕದಲ್ಲಿ ಎತ್ತಿಟ್ಟಿತ್ತು. ಅದನ್ನು ಮರಳಿ ಇಟ್ಟೊಡನೆ ನಾಲ್ಕೂ ಒಂದರ ಹಿಂದೊಂದು ಎದ್ದವು. ನಾನು ಎದೆ ಉಬ್ಬಿಸಿದೆ.

"ಖರೇ ಹೇಳ್ತೈತೋ ಇಲ್ಲೋ ನೋಡೂಣು. ಮೊದ್ಲ ನಿಮ್ಮ ಹೆಸರ ಹಾಕ್ರಿ" ಎಂದಳು ಸುವರ್ಣ.

ಹಾಕಿದೆ. ಸೊಂಟ, ಮೂವತ್ತೆರಡು.

ಮಲ್ಲಣ್ಣ ತೆರೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಮರ್ಯಾದೆಗಾಗಿ ಗೋಡೆಯನ್ನು ನೋಡಿದ. ಸುವರ್ಣ ಕೊರಳಿನ ಟೇಪು ತೆಗೆದು ನನಗೆ ಸುತ್ತಿದಳು. ಮೂವತ್ತೊಂಬತ್ತು.

"ಅಳತಿ ಎಲ್ಲಾ ಕೆಟ್ಟಾವ. ನಡಿ ಮಲ್ಲಣ್ಣ, ನಾನ ಗಟ್ಟಿಗೆ ಬಂದು ಅಳಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದಳು.

ಆಗ ಸತ್ಯ ಹೇಳಬಹುದಿತ್ತು. ಅಳತೆಗಳು ಸರಿಯಾಗಿಯೇ ಇವೆ, ನನ್ನದನ್ನು ಮಾತ್ರ ಟೇಪು ಮುಟ್ಟದೆ, ನನ್ನ ಮದುವೆಯ ಪ್ಯಾಂಟನ್ನು ನೆನೆದು, ಅಂದಾಜಿನಲ್ಲೇ ತುಂಬಿದ್ದೆ ಎನ್ನಬಹುದಿತ್ತು. ಆದರೆ ಮಲ್ಲಣ್ಣ ಇದ್ದ. "ಲಿನಕ್ಸ್ ಒಮ್ಮೊಮ್ಮೆ ಹಂಗ ಮಾಡ್ತೈತಿ" ಎಂದೆ. ಹದಿನೈದು ವರ್ಷದ ನನ್ನ ನಿಷ್ಠೆ ಏಳು ಇಂಚಿನಲ್ಲಿ ಮುಗಿಯಿತು.

ಸುವರ್ಣ ಮೂರು ಗಂಟೆಗೆ ಬಿಸಿಲಲ್ಲಿ ಬೆಂದು ವಾಪಸು ಬಂದಳು. ಬರೆದುಕೊಂಡು ಬಂದ ಚೀಟಿಯನ್ನು ತೆರೆಯ ಪಕ್ಕದಲ್ಲಿ ಹಿಡಿದಳು.

"ಹುಡುಗಿ ಅಳತಿ ಒಂದ ನೂಲೂ ಫರಕಿಲ್ಲ. ನಿಮ್ಮದೊಂದ ಹ್ಯಾಂಗ ಕೆಟ್ಟಿತ್ರಿ?"

ಮೇಜಿನ ಕೆಳಗೆ ಬಗ್ಗಿ ಏನೋ ವೈರು ಪರೀಕ್ಷಿಸುವವನಂತೆ ಮುಖ ತಪ್ಪಿಸಿಕೊಳ್ಳೋಣವೆಂದುಕೊಂಡೆ. ಬಗ್ಗಲು ಆಗಲಿಲ್ಲ.