ಎಕ್ಸೆಸ್ಸೋ, ಸರ್‌ಪ್ಲಸ್ಸೋ

ಹೊನ್ನಪ್ಪ ಮೇಷ್ಟ್ರ ಸಂಸಾರಕ್ಕೆ ಸಂಚಕಾರ ತಂದದ್ದು ಎರಡು ಕಾಲಮ್ಮಿನ ಒಂದು ಫಾರಂ. ತೊಂಬತ್ತಾರನೇ ಇಸವಿ ಜನವರಿಯ ಒಂದು ಬೆಳಿಗ್ಗೆ ಅರಕೆರೆ ಪಕ್ಕದ ಹಳ್ಳಿ ಶಾಲೆಯಲ್ಲಿ ಹೆಡ್‌ಮೇಷ್ಟ್ರು ನರಸಯ್ಯ ಅದನ್ನು ಮೇಜಿನ ಮೇಲೆ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ನಲವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರಂತೆ. ತಾಲ್ಲೂಕಿನ ಎಲ್ಲ ಶಾಲೆಗಳಲ್ಲೂ ಇವತ್ತು ಹತ್ತೂವರೆಗೆ ತಲೆ ಎಣಿಕೆಯಂತೆ. ಹೆಚ್ಚಾದ ಮೇಷ್ಟ್ರ ಹೆಸರು ಸಂಜೆಯೊಳಗೆ ಶ್ರೀರಂಗಪಟ್ಟಣದ ಆಫೀಸಿಗೆ ತಲುಪಬೇಕಂತೆ. ಹೆಸರು ಬರೆಯಲು ಒಂದು ಕಾಲಮ್ಮಿನ ಮೇಲೆ ‘ಎಕ್ಸೆಸ್’ ಎಂದಿತ್ತು, ಇನ್ನೊಂದರ ಮೇಲೆ ‘ಸರ್‌ಪ್ಲಸ್’ ಎಂದಿತ್ತು.

“ಇಂಗ್ಲಿಷ್ ಮೇಷ್ಟ್ರು ನೀವು. ಇವೆರಡಕ್ಕೂ ಏನು ವ್ಯತ್ಯಾಸ, ಯೇಳಿ.”

ಹೊನ್ನಪ್ಪ ಉತ್ಸಾಹದಿಂದ ಹೇಳಿದ. “ಸಾರಿಗೆ ಉಪ್ಪು ಜಾಸ್ತಿ ಬಿದ್ರೆ ಎಕ್ಸೆಸ್ಸು ಸಾರ್. ಎಲ್ಲಾರೂ ಉಂಡ್ಮ್ಯಾಲೆ ಮುದ್ದೆ ಮಿಕ್ಕುದ್ರೆ ಸರ್‌ಪ್ಲಸ್ಸು. ಒಂದು ಕೆಡಿಸ್ತದೆ, ಇನ್ನೊಂದು ಸುಮ್ನೆ ಮಿಗ್ತದೆ.”

“ಅಂಗಾರೆ ನಿಮ್ಮನ್ನ ಮುದ್ದೆ ಕಾಲಮ್ಮಿಗೇ ಹಾಕ್ತೀನಿ ಬುಡಿ. ಮರ್ಯಾದಸ್ಥರು ನೀವು.”

“ನನ್ನ ಹೆಸರ್‍ಯಾಕೆ ಸಾರ್?”

“ಮೂವರಲ್ಲಿ ಕಿರಿಯರು ನೀವೇ ಅಲ್ವಾ? ಮೂವರೂ ಉಳೀಬೇಕಂದ್ರೆ ಮಕ್ಕಳು ಎಂಬತ್ತು ದಾಟ್ಬೇಕು. ಕಬ್ಬು ಕಡಿಯೋ ಕಾಲ, ಇವತ್ತು ಬಂದಿರೋದು ಅರವತ್ತೆಂಟು. ಯಾವ ಕಾಲಮ್ಮಾದ್ರೂ ಹೋಗೋದು ನಾಗಮಂಗಲದ ಕೊನೇ ಹಳ್ಳಿಗಂತೆ.”

ಮದುವೆಯಾದ ಮೇಲೆ ನಾಲ್ಕು ವರ್ಷ ಹೊನ್ನಪ್ಪ ಇಲ್ಲಿ, ಹೆಂಡತಿ ರಂಜಿತ ಕೆ.ಆರ್. ಪೇಟೆ ಕಡೆಯ ಶಾಲೆಯಲ್ಲಿ ಟೀಚರು. ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮುಖ ನೋಡಿಕೊಳ್ಳುವ ಸಂಸಾರ. ಕಾಡಿ ಬೇಡಿ ಹೋದ ಜೂನಿನಲ್ಲಿ ಅವಳಿಗೆ ಪಕ್ಕದ ಹಳ್ಳಿಗೆ ವರ್ಗವಾಗಿ, ಇಬ್ಬರೂ ಅರಕೆರೆಯ ಮನೆಯಲ್ಲಿ ಒಟ್ಟಿಗೆ ಕೂತು ಉಣ್ಣಲು ಶುರುಮಾಡಿ ಏಳು ತಿಂಗಳಾಗಿತ್ತು. ಈಗ ಮತ್ತೆ ಅದೇ ಬಸ್‌ಸ್ಟ್ಯಾಂಡೇ? ಹೊನ್ನಪ್ಪನಿಗೆ ಅಳುವೇ ಬಂತು.

ಹದಿಮೂರು ಮಕ್ಕಳು ಬೇಕಿತ್ತು. ಅವನು ಮನೆಮನೆಗೆ ಓಡಿದ. ದ್ಯಾವಮ್ಮ ಜಗಲಿಯಿಂದ ಏಳದೆಯೇ ಹೇಳಿದಳು: “ನಮ್ಮೈದ ಕಬ್ಬಿನ ಗದ್ದೆಗೋಗವ್ನೆ. ಬೇಕಾರೆ ಈ ಮೇಕೆಮರಿ ಕರ್ಕೊಂಡೋಗಿ ಮೇಷ್ಟ್ರೆ, ಅವನಿಗಿಂತ ಸುಮ್ಕೆ ಕೂತ್ಕತದೆ.”

ಎಮ್ಮೆ ಮೇಯಿಸುತ್ತಿದ್ದ ಇಬ್ಬರನ್ನು ಅಟ್ಟಿಸಿಕೊಂಡು ಹೋಗಿ ಗದ್ದೆಯ ಕೆಸರಿಗಿಳಿದ. ಹುಡುಗರೂ ಸಿಗಲಿಲ್ಲ, ಎಡಗಾಲಿನ ಚಪ್ಪಲಿಯೂ ಸಿಗಲಿಲ್ಲ. ಆಗ ಟ್ರಾಕ್ಟರು ನಿಲ್ಲಿಸಿದವನು ಊರ ಉಸಾಬರಿಯೆಲ್ಲ ತನ್ನದೇ ಎನ್ನುವ ಕುಳ್ಳಯ್ಯ. ಸಂಗತಿ ಕೇಳಿ ಕಿಸಕ್ಕನೆ ನಕ್ಕ.

“ಅದಿಮೂರು ಮಕ್ಳು ತಾನೆ? ಒಸಿ ಬೆಲ್ಲ ರೆಡಿ ಮಾಡ್ಕೊಳಿ. ಟ್ರಾಕ್ಟರು ಅತ್ತುಸ್ತೀನಿ ಅಂದ್ರೆ ಯಾವ ಮಗ ಬತ್ತಿಲ್ಲ ಅಂದದು?”

ಹೊನ್ನಪ್ಪ ಮನೆಗೆ ಓಡಿ ಒಂದು ಅಚ್ಚು ಬೆಲ್ಲ ಕುಟ್ಟಿ, ಹಳೆಯ ಪರೀಕ್ಷೆ ಪೇಪರುಗಳಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದ. ಹತ್ತೂಕಾಲಿಗೆ ಟ್ರಾಕ್ಟರು ಬಂತು. ಟ್ರೈಲರಿನ ತುಂಬ ಹದಿನೆಂಟು ಮಕ್ಕಳು, ಜಾತ್ರೆಗೆ ಬಂದಂತೆ ಕೇಕೆ ಹಾಕುತ್ತಿದ್ದವು.

“ಎಲ್ಲಿಂದ ತಂದ್ಯೋ ಕುಳ್ಳಯ್ಯ?”

“ಎಕ್ಸ್‌ಟ್ರಾ ಐದು ತಂದಿವ್ನಿ, ಕುಸಿಪಡಿ. ಎಲ್ಲಿಂದ ಅಂತ ಮಾತ್ರ ಕೇಳ್ಬ್ಯಾಡಿ.”

ಕೇಳುವಷ್ಟು ಹೊತ್ತೂ ಇರಲಿಲ್ಲ. ಗೈರುಹಾಜರಾದವರ ಜಾಗದಲ್ಲಿ ಇವರನ್ನು ಕೂರಿಸಿ, ಕೈಗೊಂದು ಪೊಟ್ಟಣ ಹಾಕುವಷ್ಟರಲ್ಲಿ ಎಣಿಸಲು ಕೆ.ಆರ್.ಎಸ್.ನಿಂದ ಶಂಕರ್ ಮೇಷ್ಟ್ರು ಬಂದೇಬಿಟ್ಟರು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ನಮ್ ಮಿಸ್ಸೆಲ್ಲಿ ಸಾ?”

“ನಿಮ್ಮಲ್ಲಿ ಮಿಸ್ಸೇ ಇಲ್ವಲ್ರೀ?” ಎಂದರು ಶಂಕರ್.

“ಅವ್ವನ್ನ ಕೇಳ್ತಾವ್ಳೆ ಸಾರ್, ಸಣ್ಣ ಕೂಸು. ಕೂತ್ಕೊಳವ್ವ, ಬೆಲ್ಲ ತಿನ್ನು,” ಎಂದ ಹೊನ್ನಪ್ಪ.

ಎಣಿಕೆ ಮುಗಿಯಿತು. ಎಂಬತ್ತಾರು! ನರಸಯ್ಯ ಫಾರಮ್ಮಿನ ಎರಡೂ ಕಾಲಮ್ಮಿಗೆ ಉದ್ದ ಗೀಟು ಎಳೆದರು. ಕುಳ್ಳಯ್ಯ ಮಕ್ಕಳನ್ನು ಮತ್ತೆ ಟ್ರಾಕ್ಟರಿಗೆ ಹತ್ತಿಸಿಕೊಂಡು ಹೋದ. ಹೊನ್ನಪ್ಪ ಒಂದೇ ಚಪ್ಪಲಿಯಲ್ಲಿ ಮನೆಗೆ ನಡೆದರೂ ಪಲ್ಲಕ್ಕಿಯಲ್ಲಿ ಹೋದಷ್ಟು ಸುಖವಾಗಿತ್ತು.

ಸಂಜೆ ರಂಜಿತ ಬಂದವಳು ಚೀಲ ಬಿಸುಟು ಗೋಡೆಗೊರಗಿ ಕೂತಳು. ಕಣ್ಣು ಕೆಂಪಾಗಿತ್ತು.

“ನನ್ನ ಹೆಸರು ಬರ್ಕೊಂಡೋದ್ರು ಕಣ್ರೀ. ಎರಡನೇ ಕಾಲಮ್ಮಿನಾಗೆ. ಸೋಮವಾರದಿಂದ ನಾಗಮಂಗಲ.”

“ನಿಮ್ಮಲ್ಲಿ ಇಬ್ಬರೇ ಅಲ್ವಾ? ದಿನಾ ಐವತ್ತು ಮಕ್ಕಳು ಬತ್ತಾರಲ್ಲ?”

“ಇವತ್ತು ಮೂವತ್ತೆರಡು. ನಲವತ್ತು ದಾಟಿದ್ರೆ ತಾನೆ ಇಬ್ಬರು ಉಳಿಯೋದು? ಅದಿನೆಂಟು ಮಕ್ಕಳು ಎಣಿಕೆ ಮುಗಿದ ಮೇಲೆ ಕುಣ್ಕೊಂಡು ಬಂದ್ವು. ಇಸ್ಕೂಲಿಗೆ ನಡ್ಕೊಂಡು ಬರೋ ದಾರೀಲಿ ಯಾವನೋ ಟ್ರಾಕ್ಟರಿಗೆ ಅತ್ತುಸ್ಕೊಂಡು ಹೋದ್ನಂತೆ. ಅಲ್ಯಾರೋ ಒಂಟಿ ಚಪ್ಪಲಿ ಮೇಷ್ಟ್ರು ಬೆಲ್ಲ ಕೊಟ್ರಂತೆ.”

ಹೊನ್ನಪ್ಪ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ಮೆಲ್ಲಗೆ ಮಂಚದಡಿಗೆ ತಳ್ಳಿದ.

ರಂಜಿತ ಚೀಲದಿಂದ ಮುದುರಿದ ಕಾಗದವೊಂದನ್ನು ತೆಗೆದು, ಬೆಲ್ಲದ ಅಂಟು ಬಿಡಿಸಿ, ಅವನ ಮುಂದೆ ಹರಡಿದಳು. ಇಂಗ್ಲಿಷ್ ಪರೀಕ್ಷೆಯ ಪೇಪರು. ಕೆಳಗೆ ಕೆಂಪು ಶಾಯಿಯಲ್ಲಿ, ಯಾರು ಬೇಕಾದರೂ ಓದುವಷ್ಟು ದುಂಡಗೆ, ಅವನದೇ ಸಹಿ.

“ಸರ್‌ಪ್ಲಸ್ ಅಂದ್ರೆ ಏನು ಅಂತ ನಮ್ಮ ಹೆಡ್‌ಮೇಷ್ಟ್ರು ಯೋಳ್ಕೊಟ್ರು,” ಎಂದಳು ರಂಜಿತ, ಧ್ವನಿ ಏರಿಸದೆ. “ಎಕ್ಸೆಸ್ ಯಾವುದು ಅಂತ ನನಗೇ ಗೊತ್ತಾಯ್ತು. ಇವತ್ತು ಹೊರಗಡೆ ಜಗಲಿ ಮೇಲೆ ಮಲಿಕ್ಕೊಳಿ.”