ಅತ್ತೆಯ ಮಂಚ, ನನ್ನ ಸೊಂಟ, ಗಾರ್ಮೆಂಟ್ಸ್ ಬಸ್ಸು

ನಮ್ಮ ಮನೆಯಲ್ಲಿ ಯಾರೂ ನಗಿಸಬೇಕು ಅಂತ ಏನನ್ನೂ ಮಾಡುವುದಿಲ್ಲ. ಆದರೂ ನಾನು ವ್ಯಾಯಾಮ ಶುರುಮಾಡಿದಾಗಿನಿಂದ ಏನಾದರೊಂದು ಆಗುತ್ತಲೇ ಬಂತು. ನಾನು ಇದುವರೆಗೆ ಬರೆದವಳಲ್ಲ. ಅರ್ಥವಾಗದೆ ಹೋದರೆ ಎಂಬ ಭಯಕ್ಕೆ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿಬಿಡುತ್ತೇನೆ.

ನಮ್ಮದು ಬೈರಾಪಟ್ಟಣದ ಕಡೆ ರೇಷ್ಮೆ ಸಾಕುವ ಮನೆ. ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಬಾಯಿ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಎನ್ನುವುದು ಮುಂದೆ ಗೊತ್ತಾಗುತ್ತದೆ. ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ ನನ್ನ ಸೊಂಟ ಹಿಡಿದುಕೊಂಡಿತು. ಚನ್ನಪಟ್ಟಣದ ಡಾಕ್ಟರು, "ದಿನಾ ಬಿರುಸಾಗಿ ನಡೀರಿ, ಸೊಂಟಕ್ಕೆ ವ್ಯಾಯಾಮ ಮಾಡಿ. ನೀವೇ ಮಲಗಿಬಿಟ್ರೆ ಅವರನ್ನ ಎತ್ತೋರು ಯಾರು?" ಎಂದರು.

ಈ ಮಾತು ಗುಡೇಮಾರನಹಳ್ಳಿಯಲ್ಲಿರುವ ನಾದಿನಿಯ ಕಿವಿಗೆ ಬಿತ್ತು. ಅವರು ನನ್ನ ಗಂಡನ ಅಕ್ಕ, ಒಳ್ಳೆಯ ಹೆಂಗಸು. "ಯುಗಾದಿ ಕಳೆದ್ಮೇಲೆ ಬತ್ತೀನಿ. ನಿನ್ ಕೈಲಿ ಎತ್ತಕ್ಕಾಗದೆ ಹೋದ್ರೆ ಅವ್ವನ್ನ ನಾನೇ ಕರ್ಕೊಂಡೋಯ್ತೀನಿ" ಎಂದು ಫೋನು ಮಾಡಿದರು.

ಅತ್ತೆಗೆ ಜೀವ ಹೋದಂತಾಯಿತು. ಅವರ ಮಂಚದ ಪಕ್ಕದಲ್ಲೊಂದು ಕಿಟಕಿ ಇದೆ. ಅಲ್ಲಿಂದ ಊರ ಬೀದಿಯೆಲ್ಲ ಕಾಣುತ್ತದೆ. ಯಾರು ಬಂದರು, ಯಾರು ಹೋದರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಎಲ್ಲವೂ ಅವರಿಗೆ ಗೊತ್ತಾಗಬೇಕು. "ಅವ್ಳ ಮನೇಲಿ ಕಿಟಕಿ ತೆಗುದ್ರೆ ಪಕ್ಕದ್ಮನೆ ಗೋಡೆ ಕಾಣ್ತದೆ. ಆ ಗೋಡೆ ನೋಡ್ಕೊಂಡು ನಾನು ಬದುಕಲ್ಲ ಕಣಮ್ಮಿ. ನಿನ್ ಸೊಂಟ ಗಟ್ಟಿ ಮಾಡ್ಕೊ. ನನ್ ಮಾನ ನಿನ್ ಸೊಂಟದಲ್ಲೈತೆ" ಎಂದರು.

ಬರಿಗೈ

ನಮ್ಮ ಕಡೆ ಹೆಂಗಸರು ನಡೆಯುವುದಿಲ್ಲ ಎಂದಲ್ಲ. ದಿನವಿಡೀ ನಡೆಯುತ್ತಾರೆ. ಆದರೆ ಸೊಂಟದಲ್ಲೊಂದು ಕೊಡವೋ ತಲೆಯ ಮೇಲೊಂದು ಮಂಕರಿಯೋ ಇರುತ್ತದೆ. ಬರಿಗೈಯಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಬೆಳಬೆಳಿಗ್ಗೆ, ರೋಡಿನ ಕಡೆಗೆ ಬಿರಬಿರನೆ ನಡೆದರೆ ಅದಕ್ಕೆ ಇರುವುದು ಒಂದೇ ಅರ್ಥ. ಮನೆಯಲ್ಲಿ ಜಗಳವಾಗಿದೆ, ಸೊಸೆ ತವರಿಗೆ ಹೊರಟಿದ್ದಾಳೆ.

ಮೊದಲ ದಿನವೇ ಡೇರಿ ಮುಂದೆ ಊರ ಹಿರಿಯರೊಬ್ಬರು ಅಡ್ಡ ನಿಂತರು.

"ನಿಲ್ಲು ತಾಯಿ. ಏನೇ ಆಗಿರ್ಲಿ, ಮನೆ ಬುಟ್ಟು ಓಗ್ಬಾರ್ದು."

"ಅಯ್ಯೋ ಮಾವ, ನಾನು ವಾಕಿಂಗ್ ಹೊರಟಿರೋದು."

"ಎಲ್ರೂ ಮೊದ್ಲು ಇಂಗೇ ಏನಾದ್ರೂ ಯೋಳ್ತಾರೆ. ನಡಿ, ನಾನ್ ಬತ್ತೀನಿ."

ಹಾಲು ಹಾಕಲು ಬಂದಿದ್ದವರೆಲ್ಲ ಕ್ಯಾನು ಹಿಡಿದುಕೊಂಡೇ ನಮ್ಮ ಹಿಂದೆ ಬಂದರು. ಹಿರಿಯರು ಅತ್ತೆಯ ಮಂಚದ ಮುಂದೆ ನಿಂತು ಅರ್ಧ ಗಂಟೆ ಬುದ್ಧಿ ಹೇಳಿದರು. ಡಾಕ್ಟರು, ಸೊಂಟ, ವ್ಯಾಯಾಮ ಎಂದು ನಾವಿಬ್ಬರೂ ಎಷ್ಟು ಹೇಳಿದರೂ ರಾಜಿ ಆಗುವವರೆಗೆ ಅವರು ಏಳುವ ಹಾಗೆ ಕಾಣಲಿಲ್ಲ. ಒಲೆಯ ಮೇಲೆ ಹಾಲು ಬೇರೆ ಇತ್ತು. ಕೊನೆಗೆ ನಾನು ಆಗದ ಜಗಳಕ್ಕೆ ಅತ್ತೆಯ ಕಾಲು ಮುಟ್ಟಿ ತಪ್ಪಾಯಿತು ಎಂದೆ.

ಅತ್ತೆ ಸುಮ್ಮನೆ ಇರಬಹುದಿತ್ತು. ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ಆಯ್ತು, ಈ ಸಲ ಬುಟ್ಟಿವ್ನಿ. ಇನ್ನೊಂದ್ಸಲ ಇಂಗ್ ಮಾಡ್ಬ್ಯಾಡ" ಎಂದರು.

ಮಂಕರಿ

ಮರುದಿನದಿಂದ ಸೊಪ್ಪಿನ ಖಾಲಿ ಮಂಕರಿ ಹಿಡಿದು ಹೊರಟೆ. ಹಿಪ್ಪುನೇರಳೆ ಸೊಪ್ಪು ಹಾಕಿ ತರುವ ಬಿದಿರಿನ ದೊಡ್ಡ ಬುಟ್ಟಿ ಅದು. ಅದು ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಅಷ್ಟು ಹೊತ್ತು ಅತ್ತೆಯ ಹತ್ತಿರ ನನ್ನ ಯಜಮಾನರು ಇರುತ್ತಿದ್ದರು.

ಆಗ ಹೆದ್ದಾರಿಯ ಪಕ್ಕ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದವು. ಊರಿನ ಹುಡುಗಿಯರನ್ನು ಕರೆದೊಯ್ಯಲು ದಿನಾ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಬರುತ್ತಿತ್ತು. ಒಂದು ದಿನ ನಾನು ಯಾರೂ ತಡೆಯಲಿಲ್ಲವೆಂಬ ಖುಷಿಯಲ್ಲಿ ಸ್ವಲ್ಪ ಓಡಿಯೇ ನೋಡೋಣ ಎಂದು ಓಡಿದೆ. ಮುಂದೆ ಬಸ್ಸಿತ್ತು. ಅಷ್ಟೇ ನಾನು ಮಾಡಿದ ತಪ್ಪು.

"ನಿಲ್ಸಣ್ಣೋ, ಅಕ್ಕ ಓಡ್ಬತ್ತಾವ್ರೆ!" ಎಂದು ಬಸ್ಸಿನೊಳಗಿಂದ ಹುಡುಗಿಯೊಬ್ಬಳು ಕೂಗಿದಳು.

ಬಸ್ಸು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ಕೈಗಳು ನನ್ನನ್ನೂ ಮಂಕರಿಯನ್ನೂ ಒಳಗೆಳೆದವು. ಒಬ್ಬಳು ಸೀಟು ಬಿಟ್ಟುಕೊಟ್ಟಳು. ಇನ್ನೊಬ್ಬಳು ಮಂಕರಿ ನೋಡಿ, "ಮಧ್ಯಾಹ್ನದ ಊಟಕ್ಕೆ ಇಷ್ಟ್ ದೊಡ್ಡ ಡಬ್ಬೀನಾ ಅಕ್ಕ?" ಎಂದಳು. ನನಗೆ ಏದುಸಿರು ನಿಂತು ಮಾತು ಬರುವ ಹೊತ್ತಿಗೆ ಮುಂದಿನ ಊರು ಬಂದಿತ್ತು. ಅಲ್ಲಿಂದ ಮನೆಗೆ ನಡೆದು ಬಂದೆ. ಡಾಕ್ಟರು ಹೇಳಿದ್ದು ಇಷ್ಟು ದೂರವಲ್ಲ.

ಮರುದಿನ ನಮ್ಮ ಮನೆ ಮುಂದೆಯೇ ಹಾರನ್ನು. ಹೊರಗೆ ಹೋಗಿ ನೋಡಿದರೆ ಬಸ್ಸಿನವರೆಲ್ಲ ನನ್ನನ್ನೇ ಕಾಯುತ್ತಿದ್ದಾರೆ. ಡ್ರೈವರ್ ತಲೆ ಹೊರಗೆ ಹಾಕಿ, "ಏನಮ್ಮಾ, ಕೆಲ್ಸಕ್ ಸೇರಿ ಎರಡ್ನೇ ದಿನಕ್ಕೇ ಲೇಟಾ?" ಎಂದ.

ವಿಷಯ ಹೇಳಿದ ಮೇಲೆ ಬಸ್ಸೆಲ್ಲ ನಕ್ಕಿತು. ಅಲ್ಲಿಂದ ಮುಂದೆ ಆ ಹಾರನ್ನೇ ನನ್ನ ಅಲಾರಂ ಆಯಿತು. ಅದು ಕೇಳಿದ ಕೂಡಲೇ ಅತ್ತೆ, "ಓಡಮ್ಮಿ, ಬಸ್ಸು ಒಂಟೋಯ್ತದೆ!" ಎಂದು ಕೂಗುವುದು, ನಾನು ಊರಾಚೆಯ ತೋಪಿನ ತಿರುವಿನವರೆಗೆ ಬಸ್ಸಿನ ಹಿಂದೆ ಓಡುವುದು, ಹುಡುಗಿಯರು ಕಿಟಕಿಗಳಲ್ಲಿ ಚಪ್ಪಾಳೆ ತಟ್ಟುವುದು. ಸೊಂಟಕ್ಕೆ ಹಾಯೆನಿಸತೊಡಗಿತು!

ರೋಗಿ ಯಾರು?

ಸೊಂಟದ ವ್ಯಾಯಾಮ ಮಾತ್ರ ಮನೆಯೊಳಗೆ, ಅತ್ತೆಯ ಮಂಚದ ಪಕ್ಕ ಚಾಪೆಯ ಮೇಲೆ. ಅತ್ತೆ ದಿಂಬಿಗೆ ಒರಗಿ ಕೂತು ಎಣಿಸುವರು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.

ಹೀಗೇ ಒಂದು ದಿನ ಉಯ್ಯಂಬಳ್ಳಿ ಕಡೆಯ ದೂರದ ನೆಂಟರೊಬ್ಬರು ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರಬಾರದಲ್ಲ, ಅದಕ್ಕೆ. ನಮ್ಮ ಮನೆಯ ಹೆಂಗಸೊಬ್ಬರಿಗೆ ಲಕ್ವ ಹೊಡೆದಿದೆ ಎಂದಷ್ಟೇ ಅವರು ಕೇಳಿದ್ದು. ಬಾಗಿಲಲ್ಲಿ ನಿಂತು ನೋಡಿದರೆ ಮಂಚದ ಮೇಲೆ ಮುದುಕಿ ಗಟ್ಟಿದನಿಯಲ್ಲಿ ಎಣಿಸುತ್ತಿದ್ದಾರೆ. ನೆಲದ ಮೇಲೆ ನಾನು ಬೆವೆತು, ಒಂದು ಕಾಲು ಮೇಲೆತ್ತಿ, ಮುಖ ಕಿವುಚಿಕೊಂಡು ಬಿದ್ದಿದ್ದೇನೆ.

"ಅಯ್ಯೋ ನನ್ ಕಂದಾ! ಇಷ್ಟ್ ಚಿಕ್ ವಯಸ್ಗೇ ಇಂಗಾಗೋಯ್ತಾ!" ಎಂದು ನನ್ನ ಎತ್ತಿದ ಕಾಲನ್ನೇ ಹಿಡಿದುಕೊಂಡು ಅತ್ತರು. ನನಗೆ ನಗು ತಡೆಯಲಾಗದೆ ಮುಖ ಇನ್ನಷ್ಟು ಸೊಟ್ಟಗಾಯಿತು. ಅದನ್ನು ಕಂಡು ಅವರ ಅಳು ಇನ್ನಷ್ಟು ಜೋರಾಯಿತು.

ಅತ್ತೆ ಮೂಸಂಬಿ ಚೀಲ ತಮ್ಮ ಕಡೆ ಎಳೆದುಕೊಂಡು, "ಏನ್ ಮಾಡದವ್ವ, ನಾನೇ ನೋಡ್ಕೋತಾ ಇವ್ನಿ" ಎಂದರು.

ಪರೀಕ್ಷೆ

ಯುಗಾದಿ ಕಳೆಯಿತು. ನಾದಿನಿ ಸಂಜೆ ಬಂದು ಉಳಿದರು. ಬೆಳಿಗ್ಗೆ ಎದ್ದವರೇ, "ಎತ್ತು, ನೋಡವ" ಎಂದು ಕೈಕಟ್ಟಿ ನಿಂತರು. ಹೊರಗೆ ಅವರು ತಂದ ಕಾರು ನಿಂತಿತ್ತು. ಅತ್ತೆ ಬಲಗೈಯಲ್ಲಿ ನನ್ನ ಭುಜ ಹಿಡಿದುಕೊಂಡರು. ನಾನು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಬಿಗಿಹಿಡಿದು ಎತ್ತಿದೆ. ಸೊಂಟ ಕಿಟಕ್ ಎನ್ನಲಿಲ್ಲ! ಅತ್ತೆ ಎದ್ದು ನಿಂತರು. ಇನ್ನು ತಿರುಗಿಸಿ ಕುರ್ಚಿಯಲ್ಲಿ ಕೂರಿಸಿದರೆ ಗೆದ್ದಂತೆ.

ಅಷ್ಟರಲ್ಲಿ ಹಾರನ್ನು.

"ಬುಡಮ್ಮಿ ನನ್ನ! ಬಸ್ಸು ಒಂಟೋಯ್ತದೆ!" ಎಂದು ಅತ್ತೆ ನನ್ನನ್ನು ತಳ್ಳಿಯೇಬಿಟ್ಟರು. ನಾನೂ ಅಭ್ಯಾಸಬಲದಿಂದ ಓಡಿ ಹೊಸಿಲು ದಾಟಿಬಿಟ್ಟೆ. ದಾಟಿದ ಮೇಲೆ ನೆನಪಾಯಿತು. ಅತ್ತೆಯನ್ನು ಹಿಡಿದುಕೊಂಡಿರುವವರು ಯಾರು?

ತಿರುಗಿ ನೋಡಿದರೆ ನಾದಿನಿಯ ಎರಡೂ ಕೈ ಅವರ ಬಾಯಿಯ ಮೇಲೇ ಇದ್ದವು. ಅತ್ತೆಯನ್ನು ಯಾರೂ ಹಿಡಿದಿರಲಿಲ್ಲ. ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು, ತಾವೊಬ್ಬರೇ ನಿಂತು, ಬೀದಿಗೆ ಕೇಳುವಂತೆ ಕೂಗುತ್ತಿದ್ದರು. "ನಿಲ್ಸಪ್ಪೋ ಡ್ರೈವರಣ್ಣಾ! ನಮ್ ಸೊಸೆ ಬತ್ತಾವ್ಳೆ!"

ನಾನು ಓಡಿ ಬಂದು ಅವರನ್ನು ತಬ್ಬಿ ಹಿಡಿದೆ. ನಾದಿನಿ ಅಳುತ್ತಾ ನಗುತ್ತಾ ಅಲ್ಲೇ ಕುಸಿದು ಕೂತರು. "ಅವ್ವಾ, ನೀನು ನಿಂತ್ಕಂಡಿದ್ದೀಯಲ್ಲವ್ವಾ! ಇನ್ ನಿನ್ನ ಯಾಕ್ ಕರ್ಕೊಂಡೋಗ್ಲಿ?"

ಅತ್ತೆ ನನ್ನ ತೋಳಲ್ಲಿ ನಿಂತುಕೊಂಡೇ, ನೆಲಕ್ಕೆ ಕೈಯೂರಿ ಏಳಲು ತಿಣುಕುತ್ತಿದ್ದ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ ವಿಚಾರ ಬುಡು. ನೆಲ ಬುಟ್ಟು ಏಳಕ್ಕೆ ನೀನೇ ಒದ್ದಾಡ್ತಿದ್ದೀಯಲ್ಲ! ನಾಕ್ ದಿನ ಇಲ್ಲೇ ಇರು. ನಾಳೆ ಬಸ್ಸಿನ್ ಹಿಂದೆ ನೀನೂ ಓಡು."