ನನ್ನ ರೊಟ್ಟಿ, ಅಪ್ಪನ ಟ್ರ್ಯಾಕ್ಟರ್

ಅಡಿಗೆಮನೆಗೆ ಕಾಲಿಟ್ಟ ಗಂಡಸಿಗೆ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ಅವನ ಕೈ ನನ್ನ ಕೈಯಷ್ಟು ಛಲೋ ಇದ್ದರಂತೂ ಕೇಳುವುದೇ ಬೇಡ. ಬಡಾಯಿ ಅನ್ನಬೇಡಿ. ಸಾವಳಗಿಯಿಂದ ಜಮಖಂಡಿಯವರೆಗೆ ನನ್ನಷ್ಟು ತೆಳ್ಳಗೆ, ನನ್ನಷ್ಟು ದುಂಡಗೆ ಜೋಳದ ರೊಟ್ಟಿ ಬಡಿಯುವ ಗಂಡಸು ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಅವನಿಗೂ ನಾನೇ ಬಿಸಿ ಬಿಸಿ ಬಡಿದು ಹಾಕುತ್ತೇನೆ. ಎಣ್ಣೆಗಾಯಿ, ಜುಣಕ, ಪುಂಡಿಪಲ್ಯ ಎಲ್ಲಾ ಮಾಡುತ್ತೇನೆ, ಆದರೆ ಅವು ಸದ್ದಿಲ್ಲದ ಅಡಿಗೆ. ರೊಟ್ಟಿ ಹಾಗಲ್ಲ. ನಮ್ಮ ಕಡೆ ಒಂದು ಮನೆಯಲ್ಲಿ ರೊಟ್ಟಿ ಬಡಿದರೆ ಇಡೀ ಓಣಿಗೆ ಕೇಳುತ್ತದೆ. ನನ್ನ ಫಜೀತಿಗಳೆಲ್ಲ ಹುಟ್ಟಿದ್ದು ಆ ಸಪ್ಪಳದಿಂದಲೇ.

೧. ಬ್ಯಾಟರಿ ಇಳಿಯುವ ಟ್ರ್ಯಾಕ್ಟರ್

ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಅವಳ ಕೈಗೆ ಪ್ಲಾಸ್ಟರ್ ಬಂತು, ನಮ್ಮ ಗಂಗಾಳಕ್ಕೆ ಉಪ್ಪಿಟ್ಟು ಬಂತು. ಅಪ್ಪನಿಗೆ ಉಪ್ಪಿಟ್ಟು ಎಷ್ಟು ತಿಂದರೂ ಊಟ ಆತು ಅನ್ನಿಸುವುದಿಲ್ಲ. ಹೊಲದಿಂದ ಬಂದವನು ಗಂಗಾಳ ನೋಡಿ, ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ ಕೂತುಬಿಡುತ್ತಿದ್ದ. ನೋಡಲಾಗದೆ ನಾನೇ ಒಲೆ ಮುಂದೆ ಕೂತೆ. ಅವ್ವ ಪಕ್ಕದಲ್ಲಿ ಕೂತು ಎಸರು ಎಷ್ಟು, ಹಿಟ್ಟು ಎಷ್ಟು ನಾದಬೇಕು ಎಲ್ಲ ಹೇಳಿದಳು. ಮೊದಲಿನವು ನಕಾಶೆ ಆದವು. ಆಮೇಲಿನವು ಚಂದ್ರ ಆದವು. ನನ್ನ ಕೈಗೆ ಕಲಿಯಲು ಬಹಳ ದಿನ ಬೇಕಿಲ್ಲ.

ಅಪ್ಪ ಖುಷಿಯಿಂದ ತಿಂದ. ತಿನ್ನುತ್ತಾ, ಮಗ್ಗಲು ಮನೆಯಾಕಿ ಬಂದಿದ್ದಳೇನು ಎಂದು ಕೇಳಿದ. ಅವ್ವ ನನ್ನತ್ತ ಬೆರಳು ತೋರಿಸಿದಳು. ಅಪ್ಪನ ಮುಖ ಇಳಿಯಿತು, ಬಾಯಿ ಮಾತ್ರ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಲೇ ತಮ್ಮಾ, ಇದು ಊರಿಗೆ ಗೊತ್ತಾದ್ರ ನಿನಗ ಹೆಣ್ಣ ಯಾರ ಕೊಡ್ತಾರ?" ಅಂದ.

ಅಂದಿನಿಂದ ನನ್ನ ಮದುವೆಯೇ ಅವನ ಚಿಂತೆ. ಮರುದಿನ ಮುಂಜಾನೆ ನಾನು ಹಲಗೆಯ ಮೇಲೆ ಪಟ ಪಟ ಶುರು ಮಾಡುತ್ತಲೇ ಅಂಗಳದಲ್ಲಿ ಟ್ರ್ಯಾಕ್ಟರ್ ಗುಡುಗಿತು. ನನ್ನ ಕೊನೆಯ ರೊಟ್ಟಿ ಹಂಚಿಗೆ ಬಿದ್ದಾಗ ಬಂದ್ ಆತು. ದಿನಾ ಅದೇ ಕತೆ. ಎದುರು ಮನೆಯ ಕಾಕಾ ತಡೆಯದೆ ಕೇಳಿದ, ದಿನಾ ಚಾಲೂ ಮಾಡಿ ಎಲ್ಲಿಗೂ ಹೋಗುವುದಿಲ್ಲವಲ್ಲ, ಏನಿದು ಎಂದು. ಬ್ಯಾಟರಿ ಇಳಿಯುತ್ತದೆ ಅಂದ ಅಪ್ಪ. ಕಾಕಾ ಮೂಗರಳಿಸಿ ವಾಸನೆ ಹಿಡಿದ.

"ಇದು ಡೀಸಲ್ ಮ್ಯಾಲ ಓಡತೈತೋ, ಜ್ವಾಳದ ಹಿಟ್ಟಿನ ಮ್ಯಾಲ ಓಡತೈತೋ? ಹೊಗಿ ಬಿಸಿ ರೊಟ್ಟಿಗತೆ ಘಮ್ ಅನ್ನಾಕತ್ತೈತಲ್ಲೋ."

೨. ಆಕಿ ಎಲ್ಲಿ?

ಮುಂದೆ ಜಮಖಂಡಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ನೌಕರಿ ಸಿಕ್ಕಿತು. ಬನಹಟ್ಟಿಯ ಗೆಳೆಯನೊಬ್ಬನ ಜೊತೆ ಮೇಲಂತಸ್ತಿನ ರೂಮು ಹಿಡಿದೆ. ಕೆಳಗೆ ಮಾಲಕರ ಮನೆ. ಅವರದು ಒಂದೇ ಕರಾರು, ರೂಮಿಗೆ ಹೆಣ್ಣುಮಕ್ಕಳು ಬರಬಾರದು. ನಮಗೋ ರೂಮಿಗೆ ಬರುವ ಹೆಣ್ಣುಮಕ್ಕಳೇ ಇರಲಿಲ್ಲ, ಜೋರಾಗಿ ಒಪ್ಪಿಕೊಂಡೆವು.

ಮೊದಲನೇ ಮುಂಜಾನೆಯೇ ರೊಟ್ಟಿಗೆ ಕೂತೆ. ಅರ್ಧ ಬಡಿಯುವಷ್ಟರಲ್ಲಿ ಬಾಗಿಲು ದಡದಡ. ಗೆಳೆಯ ತೆಗೆದ. ಮಾಲಕರು, ಅವರ ಹಿಂದೆ ಅವರ ಹೆಂಡತಿ. ಗಂಡಸರ ಕೈಗೆ ಇಷ್ಟು ಹದ ಬರುವುದಿಲ್ಲ, ಮೇಲೆ ಯಾವಳೋ ಇದ್ದಾಳೆ ಎಂದು ಕೆಳಗೆ ಕೂತು ಕಿವಿಯಿಂದಲೇ ತೀರ್ಪು ಕೊಟ್ಟವಳು ಅವಳೇ. ಮಾಲಕರು ಮಂಚದ ಕೆಳಗೆ ಬಗ್ಗಿ ನೋಡಿದರು. ಬಚ್ಚಲು ನೋಡಿದರು. ಅವರ ಹೆಂಡತಿ ನಮ್ಮ ಜೋಳದ ಡಬ್ಬಿಯ ಮುಚ್ಚಳವನ್ನೂ ತೆಗೆದಳು. ಅದರೊಳಗೆ ಬೆಕ್ಕು ಕೂಡ ಹಿಡಿಯುವುದಿಲ್ಲ. ನಾನು ಮೊಣಕೈತನಕ ಹಿಟ್ಟು ಮಾಡಿಕೊಂಡು ಎದುರಿಗೇ ಕೂತಿದ್ದೆ.

"ಆಕಿ ಎಲ್ಲಿ?" ಅಂದರು ಮಾಲಕರು.

"ಯಾವಾಕಿರಿ?"

"ರೊಟ್ಟಿ ಬಡಿಯಾಕಿ."

ಒಂದು ಉಂಡೆ ತಗೊಂಡು ಅವರೆದುರೇ ಬಡಿದೆ. ಅಂಚು ಒಂದಿಷ್ಟೂ ಸೀಳಲಿಲ್ಲ. ಹಂಚಿಗೆ ಹಾಕಿ ನೀರು ಸವರಿ ಮಗುಚಿದೆ, ಪೂರಿಯ ಹಾಗೆ ಉಬ್ಬಿತು. ಮಾಲಕರು ನೆಲದ ಮೇಲೆ ಕೂತೇಬಿಟ್ಟರು. ಗೆಳೆಯ ಉಳ್ಳಾಗಡ್ಡಿ ಗುದ್ದಿ ಒಡೆದ, ಶೇಂಗಾ ಚಟ್ನಿಗೆ ಮೊಸರು ಸುರಿದ. ನಾನು ಬಡಿಯುತ್ತಾ ಹೋದೆ, ಅವರು ಮುರಿಯುತ್ತಾ ಹೋದರು. ಬಂದ ಕೆಲಸ ಏನೆಂಬುದೇ ಅವರಿಗೆ ಮರೆತಿತ್ತು.

ಸಂಜೆ ಮಾಲಕರ ಹೆಂಡತಿ ಒಬ್ಬಳೇ ಮೇಲೆ ಬಂದಳು. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು.

"ನೋಡ ತಮ್ಮಾ, ನೀ ಯಾವಾಕಿನ್ನರ ಕರಕೊಂಡ ಬಂದಿದ್ರ ನಾ ಹೆಂಗರ ಸಹಿಸಿಕೋತಿದ್ದೆ. ಇನ್ನ ಮುಂದ ನಮ್ಮ ಮನ್ಯಾವರಿಗೆ ಮಾತ್ರ ರೊಟ್ಟಿ ತಿನಿಸಬ್ಯಾಡ."

೩. ಕರೆಂಟ್ ಹೋದಾಗ

ಒಂದು ರವಿವಾರ ಗೆಳೆಯ ಬನಹಟ್ಟಿಗೆ ತನ್ನ ಮನೆಗೆ ಕರೆದ. ಮುಂದಿನ ಪಡಸಾಲೆಯಲ್ಲಿ ಮಗ್ಗಗಳು, ಹಿಂದೆ ಅಡಿಗೆಮನೆ. ಅವನ ಅವ್ವ ಎಣ್ಣೆಗಾಯಿ ಇಟ್ಟಿದ್ದಳು, ರೊಟ್ಟಿಯ ಜವಾಬ್ದಾರಿ ನನಗೆ ಬಂತು. ಓಣಿಯ ನೇಕಾರ ಗೆಳೆಯರೂ ಬಂದು ಸಾಲಾಗಿ ಕೂತರು. ಒಬ್ಬ ಮನೆಯಿಂದ ಬೆಣ್ಣೆ ತಂದ, ಒಬ್ಬ ಹಸಿ ಮೂಲಂಗಿ ತಂದ. ಹಂಚಿ ತಿನ್ನುವ ಊಟಕ್ಕೆ ಹಸಿವು ತಾನಾಗಿ ಹುಟ್ಟುತ್ತದೆ.

ಪಕ್ಕದ ರಬಕವಿಗೆ ಸೀರೆ ತರಲು ಬಂದಿದ್ದ ಅಪ್ಪನೂ ಹುಡುಕಿಕೊಂಡು ಅಲ್ಲಿಗೇ ಬಂದ. ನಾನು ಒಳಗೆ ಬಡಿಯುತ್ತಿದ್ದೇನೆ ಅಂತ ಗೊತ್ತಾಗಿ ಕಿವಿಗೊಟ್ಟು ಕೂತ. ಮಗ್ಗದ ಖಟಖಟದಲ್ಲಿ ಒಂದು ಏಟೂ ಕೇಳಿಸಲಿಲ್ಲ. ಅವನ ಮುಖ ಅರಳಿತು. ಈ ಮಗ್ಗಗಳು ಯಾವಾಗ ನಿಲ್ಲುತ್ತವೆ ಎಂದು ಗೆಳೆಯನ ಅಪ್ಪನನ್ನು ಕೇಳಿದ. ಕರೆಂಟ್ ಇರುವ ತನಕ ನಿಲ್ಲುವುದಿಲ್ಲ ಅಂದರು ಅವರು.

"ಹಂಗಾರ ನಮ್ಮ ಹುಡುಗಗ ಇದ ಊರಾಗ ಒಂದ ಹೆಣ್ಣ ನೋಡ್ರಲ್ಲ," ಅಂದ ಅಪ್ಪ.

ಆ ಮಾತು ಮುಗಿಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಇಡೀ ಓಣಿ ಗಪ್. ಒಳಗಿನಿಂದ ಪಟ ಪಟ ಪಟ. ಅಪ್ಪ ಒಮ್ಮೆಲೇ ಕೆಮ್ಮಲು ಶುರು ಮಾಡಿದ. ನನ್ನ ಕೈ ನಿಲ್ಲಲಿಲ್ಲ, ಅವನ ಕೆಮ್ಮೂ ನಿಲ್ಲಲಿಲ್ಲ. ಕೊನೆಗೆ ಗೆಳೆಯನ ಅವ್ವ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು.

"ಅಣ್ಣಾರ, ಎಲ್ಲಾರಿಗೂ ಗೊತ್ತೈತ್ರಿ. ಗಂಟಲಾ ಉಳಿಸಿಕೋರಿ, ರೊಟ್ಟಿ ನುಂಗಾಕ ಬೇಕಾಗತೈತಿ."

೪. ಬೀಳಗಿಯಲ್ಲಿ ಹೆಣ್ಣು ನೋಡಿದ್ದು

ಅಂತೂ ಬೀಳಗಿಯಿಂದ ಒಂದು ಸಂಬಂಧ ಬಂತು. ಹುಡುಗಿ ಜಮಖಂಡಿಯ ದವಾಖಾನೆಯೊಂದರಲ್ಲಿ ನರ್ಸ್. ಅಪ್ಪ ಹಳೇ ಜೀಪು ತಾನೇ ಓಡಿಸಿಕೊಂಡು ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ತಾಕೀತು, ಅಡಿಗೆ ಸುದ್ದಿ ಬಾಯಿಗೆ ಬರಕೂಡದು.

ಹುಡುಗಿಯ ಆಯಿ, ಅಂದರೆ ಅಜ್ಜಿ, ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ನಾವು ಒಳಗೆ ಕೂತೆವು. ಹುಡುಗಿ ಅವಲಕ್ಕಿ ತಂದಿಟ್ಟು, ಉಪ್ಪು ಕಡಿಮೆ ಆಗಿದೆ, ಮಾಡಿದ್ದು ನಾನೇ ಎಂದು ನಕ್ಕಳು. ಉಪ್ಪು ಖರೆ ಕಡಿಮೆ ಇತ್ತು. ನಾನು ಗಂಗಾಳ ಖಾಲಿ ಮಾಡಿ ಇನ್ನೊಮ್ಮೆ ಹಾಕಿಸಿಕೊಂಡೆ. ನನ್ನ ಮಟ್ಟಿಗೆ ಮದುವೆ ಅಲ್ಲೇ ಆಗಿತ್ತು.

ಅಷ್ಟರಲ್ಲಿ ಅಪ್ಪ ನನ್ನನ್ನು ಹೊಗಳಲು ಹೊರಟ. "ನಮ್ಮ ಹುಡುಗ ಅಂದ್ರ ಗಂಡಸ ನೋಡ್ರಿ. ಮನ್ಯಾಗ ಒಂದ ಚರಿಗಿ ನೀರೂ ತಾನ ತುಂಬಿಕೊಂಡ ಕುಡಿಯಂಗಿಲ್ಲ."

ಹುಡುಗಿಯ ನಗು ಹೋಯಿತು. ತನ್ನ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನನಗ ರಾತ್ರಿ ಪಾಳಿ ಇರತೈತಿ, ರೊಟ್ಟಿ ಬಡಿಯಾಕ ಮೊದಲ ಬರಂಗಿಲ್ಲ. ನೀರೂ ತುಂಬಿಕೊಳ್ಳದವರ ಕೂಡ ನನ್ನ ಬಾಳೇ ನಡಿಯಂಗಿಲ್ಲ. ಈ ಸಂಬಂಧ ಬ್ಯಾಡ."

ಅವಳ ಅಪ್ಪ ತಲೆ ತಗ್ಗಿಸಿದರು. ನನ್ನ ಅವ್ವ ನನ್ನ ಕಡೆ ನೋಡಿ, ಪ್ಲಾಸ್ಟರ್ ಬಿಚ್ಚಿದ ಕೈಯಿಂದ ಅಡಿಗೆಮನೆಯತ್ತ ಸನ್ನೆ ಮಾಡಿದಳು. ನಾನು ಎದ್ದೆ. ಅಂಗಿಯ ತೋಳು ಮಡಿಸಿದೆ.

"ಹಿಟ್ಟಿನ ಡಬ್ಬಿ ಎಲ್ಲೈತ್ರಿ?" ಅಂತ ಹುಡುಗಿಯನ್ನೇ ಕೇಳಿದೆ.

ಅವಳು ಗೊಂದಲದಲ್ಲೇ ಹಿಂದೆ ಬಂದು ತೋರಿಸಿದಳು. ಎಸರು ಕುದಿಸಿದೆ, ಹಿಟ್ಟು ನಾದಿದೆ, ಉಂಡೆ ಕಟ್ಟಿದೆ. ಅವಳು ಬಾಗಿಲಿಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅಂಥ ಕೈ ಚಳಕ ಆ ಮನೆ ಅದಕ್ಕೂ ಮೊದಲು ಕಂಡಿರಲಿಲ್ಲ, ಇದು ನನ್ನ ಮಾತಲ್ಲ, ಆಮೇಲೆ ಅವಳೇ ಹೇಳಿದ್ದು. ಮೊದಲ ಪಟ ಪಟ ಎದ್ದಿತು.

ಹೊರಗಿನ ಕೋಣೆಯಲ್ಲಿ ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಅಪ್ಪನನ್ನು ರೂಢಿ ಕೈಹಿಡಿದು ಎಬ್ಬಿಸಿತು. ಮುಧೋಳ ನಾಯಿ ಮೊಲ ಕಂಡ ಹಾಗೆ ಹೊರಗೆ ಓಡಿ ಜೀಪು ಚಾಲೂ ಮಾಡಿಬಿಟ್ಟ. ಅಡಿಗೆಮನೆಯ ಕಿಟಕಿಯಿಂದ ನನಗೆ ಎಲ್ಲಾ ಕಾಣುತ್ತಿತ್ತು. ಬೀಗರು ಸಿಟ್ಟಾಗಿ ಹೊರಟರೆಂದು ಹುಡುಗಿಯ ಅಪ್ಪ ಬರಿಗಾಲಲ್ಲಿ ಹಿಂದೆ ಓಡಿದರು. ಹುಡುಗಿ ಸಣ್ಣಾಕಿ, ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈ ಮುಗಿದರು. ತಾನು ಹೊರಟಿಲ್ಲ ಎಂದು ಅಪ್ಪ ಎಕ್ಸಲರೇಟರ್ ಒತ್ತುತ್ತಲೇ ಹೇಳುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ಕಟ್ಟೆಯ ಮೇಲಿನ ಆಯಿ ಕೋಲಿನಿಂದ ಜೀಪಿನ ಬಾನೆಟ್ಟಿಗೆ ಒಂದು ಬಿಟ್ಟಳು.

"ಏ, ಯಾಂವಪಾ ನೀ? ಮೊದಲ ಬಂದ್ ಮಾಡ ಅದನ್ನ. ನನ್ನ ಮೊಮ್ಮಗಳು ಹುಟ್ಟಿ ಇವತ್ತ ಮೊದಲನೇ ಸಲ ರೊಟ್ಟಿ ಬಡಿಯಾಕತ್ತಾಳ. ಕಿವಿ ತುಂಬ ಕೇಳಗೊಡು."

ಅಪ್ಪ ಬಂದ್ ಮಾಡಿದ. ಓಣಿಗೆಲ್ಲ ಪಟ ಪಟ ಪಟ. ಆಯಿ ತಲೆ ಅಲ್ಲಾಡಿಸುತ್ತಾ ಕೇಳಿ, ಹುಡುಗಿಯ ಅಪ್ಪನನ್ನು ಹತ್ತಿರ ಕರೆದಳು. ಇಷ್ಟು ಹದವಾಗಿ ಬಡಿಯುವ ಹುಡುಗಿಗೆ ಇದಕ್ಕಿಂತ ಛಲೋ ವರ ಸಿಗುತ್ತಾನೆ, ಈ ಜೀಪಿನವರನ್ನು ಮೊದಲು ಕಳಿಸು ಅಂದಳು.

ಅಷ್ಟರಲ್ಲಿ ಹುಡುಗಿ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಂಡು ಹೊರಗೆ ಹೋದಳು. ಆಯಿಯ ಕೈಗಿಟ್ಟಳು.

"ನಾ ಅಲ್ಲ ಆಯಿ, ಅವರು ಬಡದದ್ದು. ನನ್ನ ನೋಡಾಕ ಬಂದಾರಲ್ಲ, ಅವರು." ಆಮೇಲೆ ತನ್ನ ಅಪ್ಪನ ಕಡೆ ತಿರುಗಿ, ಈ ಸಂಬಂಧ ನನಗೆ ಬೇಕು ಅಂದಳು.

ಆಯಿ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಸಾವಕಾಶ ಅಗಿದಳು. ಅಪ್ಪ ಚಾವಿ ಕೈಯಲ್ಲಿ ಹಿಡಿದು ಜೀಪಿನಲ್ಲೇ ಕೂತಿದ್ದ. ಆಯಿ ನುಂಗಿ, ಬೆರಳಿಗೆ ಹತ್ತಿದ ಬೆಣ್ಣೆ ನೆಕ್ಕಿ, ಕೋಲನ್ನು ಅವನ ಕಡೆ ಚಾಚಿದಳು.

"ಏನ ನೋಡ್ಕೋತ ನಿಂತೀರಿ? ಮೊದಲ ಇವನ ಕೈಯಾಗಿನ ಗಾಡಿ ಚಾವಿ ಕಸಗೋರಿ."